ತಿದ್ದಿದ ಹಳೇ ಮಿಲಿಟರಿ ಬಂದೂಕು: ಕೊಳ್ಳುವುದೇ, ಬಿಡುವುದೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಳೇ ವಾಡೆಗಳು ಪಾಲಾಗುವಾಗ ಕೆತ್ತನೆಯ ಬಾಗಿಲು, ಸಾಗವಾನಿ ಕಂಬ, ಹಿತ್ತಾಳೆ ಹಂಡೆಗಳ ಜೊತೆಗೆ ಒಮ್ಮೊಮ್ಮೆ ಅಟ್ಟದಿಂದ ಒಂದು ಬಂದೂಕೂ ಕೆಳಗಿಳಿಯುತ್ತದೆ. ಮುತ್ತಜ್ಜ ಶಿಕಾರಿಗೆ ಒಯ್ಯುತ್ತಿದ್ದದ್ದು, ಅಸಲಿ ಮಿಲಿಟರಿ ಮಾಲು, ಇಂಗ್ಲೆಂಡಿನಲ್ಲಿ ಆದದ್ದು ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ನೋಡಿದರೆ ನಳಿಗೆಯ ತುದಿ ಕತ್ತರಿಸಿದೆ. ಮುಂದಿನ ಮರ ಅರ್ಧಕ್ಕೆ ತುಂಡಾಗಿದೆ, ಬಟ್ಟಿಗೆ ಊರಿನ ಬಡಿಗ ಹೊಸ ಮರ ಕೂಡಿಸಿದ್ದಾನೆ, ಲೋಹದ ಮೇಲೆ ಯಾರೋ ನಿಕಲ್ ಪಾಲಿಶ್ ಮಾಡಿಸಿದ್ದಾರೆ. ಇದನ್ನು ಕೊಂಡು ಮೊದಲಿನ ರೂಪಕ್ಕೆ ತರಬಹುದೇ, ತಂದರೆ ಹಾಕಿದ ದುಡ್ಡು ಬಂದೀತೇ ಎಂದು ಹಳೇ ವಸ್ತುಗಳ ಹುಚ್ಚಿದ್ದವರು ಕೇಳುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಬಂದೂಕನ್ನು ಹೊರಗಿನಿಂದ ಕೊಂಡು ದುರಸ್ತಿ ಮಾಡಿಸುವುದು ನಮ್ಮ ಭಾಗದಲ್ಲಿ ಬಹುತೇಕ ಯಾವಾಗಲೂ ತಪ್ಪು ನಿರ್ಧಾರ. ಮನೆತನದಲ್ಲೇ ಬಂದದ್ದು, ಕಾಗದಪತ್ರ ಸರಿಯಿದ್ದದ್ದು ಆದರೆ ಅದನ್ನು ಇದ್ದ ಹಾಗೆಯೇ ಕಾಪಾಡಬೇಕು. ಮೊದಲಿನಂತೆ ಮಾಡುತ್ತೇನೆ ಎಂದು ಹೊರಟರೆ ವಸ್ತುವೂ ಕೆಡುತ್ತದೆ, ಮನುಷ್ಯನೂ ಕೆಡುತ್ತಾನೆ. ಆದರೆ ತಿದ್ದಿದ ಬಂದೂಕುಗಳೆಲ್ಲ ಒಂದೇ ಅಲ್ಲ. ಯಾರು ತಿದ್ದಿದರು, ಯಾವಾಗ, ಯಾಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸರಕಾರವೇ ತಿದ್ದಿದ ಬಂದೂಕುಗಳಿಂದ ತೊಡಗೋಣ. ನಮ್ಮ ದೇಶದಲ್ಲಿ ಅವುಗಳದೇ ದೊಡ್ಡ ಕಥೆ. 1857ರ ದಂಗೆಗೆ ಕಿಡಿ ಹಚ್ಚಿದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆ ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾದ ಗೀರುಗಳಿರುತ್ತವೆ. ಗುಂಡು ಆ ಗೀರುಗಳಲ್ಲಿ ತಿರುಗುತ್ತ ಹೊರಬಿದ್ದು ದೂರದ ಗುರಿಯನ್ನೂ ಬಿಡದೆ ಮುಟ್ಟುತ್ತದೆ. ದಂಗೆ ಅಡಗಿದ ಮೇಲೆ ಬ್ರಿಟಿಷರಿಗೆ ಕಂಡ ಭಯ ಒಂದೇ: ಹಿಂದೂಸ್ತಾನಿ ಸಿಪಾಯಿಯ ಕೈಯಲ್ಲಿ ಗೋರಾ ಸೋಲ್ಜರನಷ್ಟೇ ಒಳ್ಳೆಯ ಆಯುಧ ಇರಬಾರದು. ಅದಕ್ಕೆ 1858ರಲ್ಲಿ ಅದೇ ಎನ್‌ಫೀಲ್ಡ್‌ಗಳ ನಳಿಗೆಯನ್ನು ಒಳಗಿಂದ ಕೊರೆದು, ಗೀರುಗಳನ್ನು ಅಳಿಸಿ, .577 ಅಂಗುಲದ ಬಾಯಿಯನ್ನು .656 ಅಂಗುಲಕ್ಕೆ ಹಿಗ್ಗಿಸಿ ನುಣುಪು ಮಾಡಿದರು. ದೂರ ಅಳೆಯುವ ಹಿಂಬದಿ ಗುರಿಪಟ್ಟಿ ತೆಗೆದು ಬರೀ ಸ್ಥಿರ ಗುರಿ ಇಟ್ಟರು. ಹೀಗೆ ಕೊರೆದಾಗ ನಳಿಗೆಯ ಗೋಡೆ ತೆಳ್ಳಗಾಗಿ ಬಾಗತೊಡಗಿತು. ಆದ್ದರಿಂದ ಮರುವರ್ಷ, 1859ರ ಮಾದರಿಯಲ್ಲಿ, ದಪ್ಪ ಗೋಡೆಯ ನುಣುಪು ನಳಿಗೆಯನ್ನೇ ಹೊಸದಾಗಿ ಮಾಡಿಸಿದರು.

ಇಂಥದೊಂದು ಬಂದೂಕು ಕೈಗೆ ಸಿಕ್ಕವನು ಗೀರಿಲ್ಲ, ಗುರಿಪಟ್ಟಿ ಇಲ್ಲ, ಯಾರೋ ಹಾಳು ಮಾಡಿದ್ದಾರೆ ಎಂದುಕೊಂಡು ಗುರಿಪಟ್ಟಿ ಕೂಡಿಸಲು ಹೋದರೆ ಒಂದು ಕಾಲದ ಸಾಕ್ಷಿಯನ್ನೇ ಅಳಿಸಿದಂತಾಗುತ್ತದೆ. ಆ ತಿದ್ದುಪಡಿ ಆಗಿದ್ದಕ್ಕೇ ಅದಕ್ಕೆ ಬೆಲೆ. ಒಂದು ಸಾಮ್ರಾಜ್ಯ ತನ್ನ ಸೈನಿಕರನ್ನೇ ನಂಬದೆ ಹೋಯಿತು ಎಂಬುದನ್ನು ಕಬ್ಬಿಣದಲ್ಲಿ ಬರೆದಿಟ್ಟ ದಾಖಲೆ ಅದು.

ಎರಡನೆಯದು ನಮ್ಮ ಪೊಲೀಸ್ ಠಾಣೆಗಳಿಗೂ ಜೈಲುಗಳಿಗೂ ಸಂಬಂಧಿಸಿದ್ದು. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ಮೊದಲ ಮಹಾಯುದ್ಧದ ನಂತರ ಸೈನ್ಯದ ತ್ರೀ ನಾಟ್ ತ್ರೀ, ಅಂದರೆ .303 ಅಂಗುಲದ ಲೀ ಎನ್‌ಫೀಲ್ಡ್, ರೈಫಲ್ಲುಗಳನ್ನು ದೊಡ್ಡ ಪ್ರಮಾಣದಲ್ಲಿ .410 ಮಸ್ಕೆಟ್‌ಗಳನ್ನಾಗಿ ಪರಿವರ್ತಿಸಿದರು. ನಳಿಗೆ ಕೊರೆದು ನುಣುಪು ಮಾಡಿದರು. ಮ್ಯಾಗಜೀನಿನಲ್ಲಿ ಮರದ ತುಂಡು ತುಂಬಿ ಒಂದು ಸಲಕ್ಕೆ ಒಂದೇ ಗುಂಡು ಹಾಕುವಂತೆ ಮಾಡಿದರು. ತ್ರೀ ನಾಟ್ ತ್ರೀ ತೋಟಾದ ಕತ್ತನ್ನು ಕಿರಿದು ಮಾಡದೆ ನೆಟ್ಟಗೆ ಬಿಟ್ಟಂಥ ಬೇರೆಯೇ ತೋಟಾ ಇದಕ್ಕೆ. ಪಹರೆಯವನ ಕೈಯಿಂದ ಯಾರಾದರೂ ಕಸಿದುಕೊಂಡರೂ ಸೈನ್ಯದ ತೋಟಾ ಇದರಲ್ಲಿ ನಡೆಯಬಾರದು, ಇದರ ತೋಟಾ ಪೇಟೆಯಲ್ಲಿ ಸಿಗಬಾರದು ಎಂಬುದು ಲೆಕ್ಕ. ಸ್ವಾತಂತ್ರ್ಯ ಬಂದು ದಶಕಗಳಾದರೂ ದೇಶದ ಹಲವು ರಾಜ್ಯಗಳ ಪೊಲೀಸರ ಭುಜದ ಮೇಲೆ ಇದೇ ಮಸ್ಕೆಟ್ ಇತ್ತು. ಅದರ ಅಣ್ಣ ತ್ರೀ ನಾಟ್ ತ್ರೀಯಂತೂ ಉತ್ತರ ಪ್ರದೇಶದ ಪೊಲೀಸರಿಂದ ವಿಧಿವತ್ತಾಗಿ ಬೀಳ್ಕೊಡುಗೆ ಪಡೆದದ್ದು 2020ರ ಗಣರಾಜ್ಯೋತ್ಸವದಂದು. ಮಸ್ಕೆಟ್ಟಿನ ಒಳಗಿನ ಮರದ ತುಂಡನ್ನು ಕಿತ್ತು ಒಗೆದರೆ ಅದು ರೈಫಲ್ ಆಗುವುದಿಲ್ಲ. ಮಸ್ಕೆಟ್ಟಾಗಿಯೂ ಉಳಿಯುವುದಿಲ್ಲ.

ಮೂರನೆಯ ಬಗೆ ಶಿಕಾರಿಯವರು ತಿದ್ದಿಸಿದ್ದು. ಎರಡೂ ಮಹಾಯುದ್ಧಗಳ ನಂತರ ಜಗತ್ತಿನ ತುಂಬ ಮಿಲಿಟರಿ ರೈಫಲ್ಲುಗಳು ಅಗ್ಗವಾಗಿ ಬಿಕರಿಯಾದವು. ಇಂಗ್ಲೆಂಡಿನಲ್ಲಿ ಪಾರ್ಕರ್ ಹೇಲ್‌ನಂಥ ಕಂಪನಿಗಳು ಅವುಗಳ ಮುಂಬದಿಯ ಮರ ಕತ್ತರಿಸಿ, ಸಂಗೀನು ಕೂಡಿಸುವ ಮೂತಿ ತೆಗೆದು, ಹಗುರ ಮಾಡಿ ಬೇಟೆಗಾರರಿಗೆ ಮಾರಿದವು. ಅಮೆರಿಕದಲ್ಲಿ 1968ರ ಕಾನೂನು ಬರುವವರೆಗೆ ಅಂಚೆಯಲ್ಲೇ ರೈಫಲ್ ತರಿಸಿ ಮನೆಯ ಗ್ಯಾರೇಜಿನಲ್ಲಿ ಗರಗಸ ಹಿಡಿದವರು ಲೆಕ್ಕವಿಲ್ಲದಷ್ಟು. ನಮ್ಮಲ್ಲಿ ಹಾಗಾಗಲಿಲ್ಲ. ಸೈನ್ಯದ ತೋಟಾ ನಡೆಯುವ ಬೋರನ್ನು, ಅಂದರೆ ಆ ಅಳತೆಯ ನಳಿಗೆಯನ್ನು, ಬ್ರಿಟಿಷರು ನಾಗರಿಕರಿಗೆ ನಿಷೇಧಿಸಿದ್ದರಿಂದ ಶಿಕಾರಿಯವರು .315ರಂಥ ಬೇರೆ ಬೋರುಗಳಿಗೆ ಹೋದರು. ಇಶಾಪುರದಲ್ಲಿ ಇಂದಿಗೂ ಆಗುವ .315 ಸ್ಪೋರ್ಟಿಂಗ್ ರೈಫಲ್ಲಿನ ಬೋಲ್ಟು ಹಳೇ ಲೀ ಎನ್‌ಫೀಲ್ಡಿನ ಸಂತತಿಯದೇ. ಹೊರನೋಟಕ್ಕೆ ಅದು ಕತ್ತರಿಸಿದ ಮಿಲಿಟರಿ ರೈಫಲ್ಲಿನಂತೆಯೇ ಕಾಣುತ್ತದೆ. ಆದ್ದರಿಂದ ಮಿಲಿಟರಿ ಮಾಲು ಎಂದು ಮಾರಲು ಬಂದದ್ದು ಕಾರ್ಖಾನೆಯ ಸಾದಾ ಶಿಕಾರಿ ರೈಫಲ್ ಆಗಿರುವ ಸಾಧ್ಯತೆ ಬಹಳ. ಹಾಗಿದ್ದರೆ ಮೊದಲಿನ ಮಿಲಿಟರಿ ರೂಪ ಎಂಬುದು ಅದಕ್ಕೆ ಯಾವತ್ತೂ ಇರಲೇ ಇಲ್ಲ.

ನಾಲ್ಕನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೇ ಬಂದೂಕಿನ ಬಿಡಿ ಭಾಗಗಳನ್ನು ಕುಲುಮೆಯಲ್ಲಿ ಒಂದಕ್ಕೊಂದು ಜೋಡಿಸಿ, ನಳಿಗೆ ಮೊಟಕು ಮಾಡಿ ಕಟ್ಟಿದ್ದು. ಭೀಮಾತೀರದ ಹೆಸರು ಕಂಟ್ರಿ ಪಿಸ್ತೂಲಿನ ಪ್ರಕರಣಗಳಿಂದಾಗಿ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆ ಎಂಬುದು ಇಂಡಿ, ಸಿಂದಗಿಯವರಿಗೆ ಹೇಳಿಕೊಡಬೇಕಾಗಿಲ್ಲ. ಇಂಥ ಊರಲ್ಲಿ ಕಾಗದವಿಲ್ಲದ ಒಂದು ಬೋಲ್ಟು, ಒಂದು ತುಂಡು ನಳಿಗೆ ಮನೆಯಲ್ಲಿ ಸಿಕ್ಕರೂ ಅದನ್ನು ಸಂಗ್ರಾಹಕನ ಹವ್ಯಾಸ ಎಂದು ಯಾರೂ ನಂಬುವುದಿಲ್ಲ. ನಂಬಬೇಕೆಂದು ಕೇಳುವುದೂ ಸರಿಯಲ್ಲ. ಆ ಪಿಸ್ತೂಲುಗಳಿಂದ ಸತ್ತವರ ಮನೆಗಳು ನಮ್ಮ ನಡುವೆಯೇ ಇವೆ.

ಕಾನೂನಿನ ಮಾತು ಇಲ್ಲಿ ಬರಲೇಬೇಕು. ಬೇರೆ ದೇಶದ ಪುಸ್ತಕ ಓದಿ ಬಂದೂಕು ಅಳೆಯಲು ಕೂತವರೆಲ್ಲ ಎಡವುವುದು ಇಲ್ಲೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಂ ಹಳೇ ಕಾಲದ, ಪುರಾತನ ಬೆಲೆಯುಳ್ಳ ಇಲ್ಲವೇ ಕೆಟ್ಟುಹೋದ ಆಯುಧಗಳನ್ನು ಕಾಯ್ದೆಯ ಹೊರಗೆ ಇಡುತ್ತದೆ. ಆದರೆ ಒಂದು ಷರತ್ತು ಹಾಕುತ್ತದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದನ್ನು ಬಂದೂಕಾಗಿ ಬಳಸಲು ಬರುವಂತಿರಬಾರದು. ಈ ಷರತ್ತನ್ನು ಎರಡು ಸಲ ಓದಬೇಕು. ಬಾಯಿ ಮುಚ್ಚಿಹೋದ, ಒಳಗೆಲ್ಲ ತುಕ್ಕು ತಿಂದ, ಯಾರೂ ಸರಿಮಾಡಲಾಗದ ಬಂದೂಕು ಗೋಡೆಯ ಮೇಲೆ ತೂಗಬಹುದು. ಸ್ವಲ್ಪ ಕೈಯಾಡಿಸಿದರೆ ಹಾರುತ್ತದೆ ಎಂಬಂಥದ್ದು ಎಷ್ಟೇ ಹಳೆಯದಾಗಿದ್ದರೂ ಆಯುಧವೇ. ಅಂದರೆ ಮೊದಲಿನಂತೆ ಮಾಡುವ ಕೆಲಸ ಚೆನ್ನಾಗಿ ಆದಷ್ಟೂ ವಸ್ತು ವಿನಾಯಿತಿಯಿಂದ ದೂರ ಹೋಗುತ್ತದೆ. ಮಾಲೀಕ ಕೈಯಾರೆ ದುಡ್ಡು ಕೊಟ್ಟು ತನ್ನ ಹಳೇ ವಸ್ತುವನ್ನು ಅಪರಾಧದ ವಸ್ತುವನ್ನಾಗಿ ಮಾಡಿಕೊಳ್ಳುತ್ತಾನೆ.

ನೂರು ವರ್ಷ ದಾಟಿದ್ದು ಆಂಟಿಕ್ ತಾನೇ, ಅದಕ್ಕೆ ಲೈಸೆನ್ಸ್ ಯಾಕೆ ಎಂದು ಕೇಳುವವರಿದ್ದಾರೆ. ನೂರು ವರ್ಷದ ಲೆಕ್ಕ ಬರುವುದು 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ. ಅದು ವಸ್ತುವನ್ನು ದೇಶದಾಚೆ ಸಾಗಿಸದಂತೆ ತಡೆಯುತ್ತದೆ, ಪುರಾತನ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕೆನ್ನುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯಿಂದ ಬಿಡುಗಡೆ ಕೊಡುವುದಿಲ್ಲ. 1918ರ ತ್ರೀ ನಾಟ್ ತ್ರೀ ಇವತ್ತು ಪುರಾತನ ವಸ್ತುವೂ ಹೌದು, ನಿಷೇಧಿತ ಬೋರಿನ ಆಯುಧವೂ ಹೌದು. ಎರಡೂ ಕಾಯ್ದೆಗಳು ಒಟ್ಟಿಗೆ ಅದರ ಮೇಲೆ ಕೂತಿರುತ್ತವೆ. ಮರ ಕತ್ತರಿಸಿ ಶಿಕಾರಿ ಬಂದೂಕಿನ ರೂಪ ಕೊಟ್ಟ ಮಾತ್ರಕ್ಕೆ ಬೋರು ಬದಲಾಗುವುದಿಲ್ಲ. ಸೈನ್ಯದ ತ್ರೀ ನಾಟ್ ತ್ರೀ ಅಥವಾ 7.62 ತೋಟಾ ಹಾರಿಸಬಲ್ಲ ಬೋಲ್ಟ್ ರೈಫಲ್ಲುಗಳೂ, ನಾನು ಮೇಲೆ ಹೇಳಿದ .410 ಮಸ್ಕೆಟ್ಟುಗಳೂ ನಿಯಮಗಳ ಪಟ್ಟಿಯಲ್ಲಿ ನಿಷೇಧಿತ ವರ್ಗದಲ್ಲೇ ಇವೆ. ಅವುಗಳಿಗೆ ಅನುಮತಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ಕೇಂದ್ರ ಸರಕಾರದ್ದು. ಅನುಮತಿ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ.

ದುರಸ್ತಿಯ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಆಯುಧವನ್ನು ತಯಾರಿಸುವುದು, ಮಾರುವುದು, ಪರಿವರ್ತಿಸುವುದು, ರಿಪೇರಿ ಮಾಡುವುದು ಎಲ್ಲಕ್ಕೂ ಬೇರೆಯದೇ ಲೈಸೆನ್ಸ್ ಬೇಕು. ನಳಿಗೆ ಮೊಟಕು ಮಾಡುವುದಕ್ಕೂ ಬೇಕು. ಇಲ್ಲದೆ ಮಾಡಿದರೆ 7 ವರ್ಷದಿಂದ ಜೀವಾವಧಿಯವರೆಗೆ. ಊರಿನ ಕಮ್ಮಾರನೋ ಲೇತ್ ಅಂಗಡಿಯವನೋ ಪರಿಚಯದ ಮೇಲೆ ಒಂದು ಸ್ಪ್ರಿಂಗ್ ಮಾಡಿಕೊಟ್ಟರೆ ಅವನನ್ನೂ ನಾವು ಈ ಕಲಮಿನೊಳಗೆ ನೂಕಿದಂತೆ. ದಿನಗೂಲಿಯ ಮೇಲೆ ಬದುಕುವ ಮನುಷ್ಯನಿಗೆ ನಮ್ಮ ಹವ್ಯಾಸಕ್ಕಾಗಿ ಆ ಗಂಡಾಂತರ ತರುವ ಹಕ್ಕು ಯಾರಿಗೂ ಇಲ್ಲ.

ನಿಷೇಧಿತವಲ್ಲದ ಬೋರಿನದಾದರೆ, ಮಾರುವವನ ಹೆಸರಿನಲ್ಲಿ ಲೈಸೆನ್ಸ್ ಇದ್ದರೆ, ದಾರಿ ಇದೆ. ಕೊಳ್ಳುವವನ ಲೈಸೆನ್ಸಿನಲ್ಲಿ ಅದಕ್ಕೆ ಜಾಗ ಇರಬೇಕು. ಈಗ ಒಬ್ಬರಿಗೆ ಎರಡೇ ಆಯುಧ. ಮಾರುವವನು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ ವಾರಸುದಾರರು ಬಂದೂಕನ್ನು ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಪಡೆದ ಶಸ್ತ್ರ ವ್ಯಾಪಾರಿಯ ಹತ್ತಿರ ಜಮಾ ಮಾಡಿ ಅರ್ಜಿ ಹಾಕಬೇಕು. ಅಟ್ಟದ ಮೇಲೆ ಇರಲಿ ಬಿಡು ಎಂದು ಬಿಟ್ಟ ದಿನದಿಂದಲೇ ಅದು ಅಕ್ರಮ. ಲೈಸೆನ್ಸುದಾರರು ಬದುಕಿದ್ದಾಗಲೇ, ಅವರಿಗೆ 70 ವರ್ಷವಾದರೆ ಅಥವಾ ಬಂದೂಕು ಅವರ ಹತ್ತಿರ 25 ವರ್ಷ ಇದ್ದಿದ್ದರೆ, ಮನೆಯ ವಾರಸುದಾರರಿಗೆ ವರ್ಗ ಮಾಡಲು 2016ರ ನಿಯಮಗಳು ಅವಕಾಶ ಕೊಟ್ಟಿವೆ. ಅಜ್ಜ ಗಟ್ಟಿಯಾಗಿರುವಾಗಲೇ ಈ ಕೆಲಸ ಮಾಡಿಸಿಕೊಳ್ಳುವುದು ಜಾಣತನ. ಆಮೇಲೆ ಅಣ್ಣತಮ್ಮಂದಿರ ಸಹಿ ಕೂಡಿಸುವುದರಲ್ಲಿ ವರ್ಷಗಳು ಹೋಗುತ್ತವೆ.

ಕೊಡಗಿಗೆ ಹೋಗಿ ಬಂದವರು ಅಲ್ಲಿ ಕೈಲ್‌ಪೊಳ್ದು ಹಬ್ಬದಲ್ಲಿ ಮನೆಮನೆಯ ಕೋವಿಗೆ ಪೂಜೆ ಆಗುವುದನ್ನು ನೋಡಿ, ನಮಗೇಕೆ ಇಷ್ಟು ಬಿಗಿ ಎನ್ನುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅದು ಅವರ ಹಿಡುವಳಿಗೆ, ಪರಂಪರೆಗೆ ಅಂಟಿದ ವಿನಾಯಿತಿ. ವಿಜಯಪುರ ಜಿಲ್ಲೆಯ ದೇಸಾಯಿ ವಾಡೆಗೆ ಅದು ಅನ್ವಯಿಸದು.

ನಮ್ಮ ಭಾಗದ ಚರಿತ್ರೆ ಇದಕ್ಕೆ ತಿರುಗುಮುರುಗು. ಇಲ್ಲಿ ಆಯುಧಗಳು ಕಳೆದುಹೋದ ಕಥೆಯೇ ಹೆಚ್ಚು. 1565ರಲ್ಲಿ ವಿಜಯನಗರದ ಹಣೆಬರಹ ಬರೆದ ಕಾಳಗಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ, ತಾಳಿಕೋಟೆಗಳು ಮುದ್ದೇಬಿಹಾಳ ಸೀಮೆಯವೇ. ಸಿಂದಗಿಯಲ್ಲಿ 1824ರಲ್ಲಿ ದಿವಾಕರ ದೀಕ್ಷಿತ ಮತ್ತು ಅವನ ಸಂಗಡಿಗರು ಕಂಪನಿ ಸರಕಾರದ ವಿರುದ್ಧ ಎದ್ದರು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಆ ಕಥೆ ಹೇಳುವ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಅದು ಉಳಿಯಿತು. ಬೇಡರ ಆಯುಧಗಳು ಏನಾದವೋ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಸಾಮಾನ್ಯನ ಮನೆಯಲ್ಲಿ ಬಂದೂಕು ಉಳಿಯುವುದು ಸರಕಾರದ ಕೃಪೆಗೆ ಬಿದ್ದ ಮಾತಾಯಿತು. ಹೀಗಾಗಿ ಈ ನಾಲ್ಕು ತಾಲೂಕುಗಳ ಯಾವುದೋ ವಾಡೆಯಲ್ಲಿ ನಿಜವಾಗಿ ಹಳೆಯದಾದ ಒಂದು ಬಂದೂಕು ಉಳಿದಿದ್ದರೆ, ಅದು ಯಾರ ಕೈಗೆ ಹೇಗೆ ಬಂತು, ಯಾರಿಗೆ ಯಾವ ವರ್ಷ ಪರವಾನಗಿ ಸಿಕ್ಕಿತ್ತು ಎಂಬ ಕಾಗದಗಳು ಕಬ್ಬಿಣಕ್ಕಿಂತ ಬೆಲೆಬಾಳುತ್ತವೆ. ಮೋಡಿ ಲಿಪಿಯ ಚೀಟಿ, ಹಳೇ ಲೈಸೆನ್ಸ್ ಬುಕ್ಕು ಇದ್ದರೆ ರದ್ದಿಗೆ ಹಾಕಬೇಡಿ.

ಇನ್ನು ಬಂದೂಕನ್ನೇ ನೋಡುವುದು. ಕಾಗದ ಸರಿಯಿದೆ, ಮಾಲೀಕ ಎದುರಿಗಿದ್ದಾನೆ ಎಂದುಕೊಳ್ಳೋಣ. ಮೊದಲ ಕೆಲಸ ಒಳಗೆ ಮದ್ದು ಇದೆಯೇ ಎಂದು ನೋಡುವುದು. ಬಾಯಿಂದ ಮದ್ದು ತುಂಬುವ ಬಂದೂಕುಗಳನ್ನು ಹಿಂದಿನವರು ಕಳ್ಳರ ಭಯಕ್ಕೆ ತುಂಬಿಯೇ ಗೂಟಕ್ಕೆ ನೇತುಹಾಕುತ್ತಿದ್ದರು. ಕರಿಮದ್ದು ಒಣಗಿಯೇ ಇದ್ದರೆ ಎಷ್ಟು ದಶಕವಾದರೂ ಸಾಯುವುದಿಲ್ಲ. ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು ಬಾಯಿಯ ಹತ್ತಿರ ಗುರುತು ಹಾಕಬೇಕು. ಅದೇ ಗಜವನ್ನು ಹೊರಗಡೆ ನಳಿಗೆಯ ಪಕ್ಕ ಹಿಡಿದರೆ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಅಲ್ಲಿಗೆ ಪರೀಕ್ಷೆ ನಿಲ್ಲಿಸಿ, ಬಾಯಿಯನ್ನು ಜನರಿಲ್ಲದ ಕಡೆ ತಿರುಗಿಸಿಟ್ಟು, ಪೊಲೀಸರಿಗೆ ಹೇಳಬೇಕು. ಕೆದಕಲು ಹೋಗಬಾರದು.

ಬೋಲ್ಟ್ ರೈಫಲ್ ಆದರೆ ಬೋಲ್ಟು ತೆರೆದು ಖಾಲಿ ಎಂದು ಖಾತ್ರಿ ಮಾಡಿಕೊಂಡ ಮೇಲೆ ಬಟ್ಟಿನ ಕತ್ತಿಗೆ ಸುತ್ತಿದ ಉಕ್ಕಿನ ಬಳೆಯ ಬಲಬದಿ ನೋಡಿ. ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರಗಳು, ಕಾರ್ಖಾನೆಯ ಹೆಸರು, ವರ್ಷ, ಮಾದರಿ ಅಲ್ಲಿ ಒತ್ತಿರುತ್ತವೆ. ಸ್ವಾತಂತ್ರ್ಯದ ನಂತರದ್ದಾದರೆ ಆರ್.ಎಫ್.ಐ. ಎಂಬ ಗುರುತು ಇರುತ್ತದೆ. ಬೋಲ್ಟಿನ ಹಿಡಿಯ ಹಿಂಬದಿಗೆ, ನಳಿಗೆಯ ಬುಡಕ್ಕೆ, ಗುರಿಪಟ್ಟಿಯ ಅಡಿಗೆ, ಮೂತಿಯ ಕಟ್ಟಿಗೆ ಒಂದೇ ನಂಬರು ಬರೆದಿದ್ದರೆ ಅದು ಹುಟ್ಟಿದಾಗಿನ ಮೈಯಲ್ಲೇ ಇದೆ. ನಂಬರು ಬೇರೆಬೇರೆ ಇದ್ದರೆ ಎಲ್ಲೆಲ್ಲಿಂದಲೋ ಕೂಡಿಸಿದ್ದು. ಉಜ್ಜಿ ಅಳಿಸಿದ್ದರಂತೂ ಕೈ ತೆಗೆಯಿರಿ. ನಂಬರು ಅಳಿಸಿದ ಆಯುಧ ಯಾರ ಹತ್ತಿರ ಇದೆಯೋ ಅವರೇ ಅಳಿಸಿದ್ದಾರೆಂದು ಕಾನೂನು ಊಹಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ.

ನಳಿಗೆಯ ಉದ್ದ ಅಳೆಯಲು ಬೋಲ್ಟು ಮುಚ್ಚಿ ಬಾಯಿಂದ ಒಂದು ಕಡ್ಡಿ ಇಳಿಬಿಟ್ಟರೆ ಸಾಕು. ಮೊದಲ ಮಹಾಯುದ್ಧದ ಲೀ ಎನ್‌ಫೀಲ್ಡಿನಲ್ಲಿ ಅದು 25.2 ಅಂಗುಲ. ಅಷ್ಟು ಪೂರ್ತಿ ಇದ್ದು ಮರ ಮಾತ್ರ ಕತ್ತರಿಸಿದ್ದರೆ ಅದು ಮತ್ತೆ ಕೂಡಿಸಬಹುದಾದ ಗಾಯ. ಎರಡು ಮೂರು ಅಂಗುಲ ಕಡಿಮೆ ಇದ್ದರೆ ಆ ಉಕ್ಕು ಇನ್ನು ಬೆಳೆಯುವುದಿಲ್ಲ. ದುರ್ಬೀನು ಕೂಡಿಸಲು ಮೇಲ್ಮೈಗೆ ತೂತು ಕೊರೆದಿದ್ದರೂ ಅಷ್ಟೇ. ತೂತು ಮುಚ್ಚಲು ಬೆಸುಗೆ ಹಾಕಿದರೆ ಆ ಶಾಖಕ್ಕೆ ಉಕ್ಕಿನ ಹದವೇ ಕೆಡಬಹುದು. ಹದ ಕೆಟ್ಟ ಉಕ್ಕು ಎಷ್ಟು ಅಪಾಯ ಎಂಬುದಕ್ಕೆ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903 ರೈಫಲ್ಲುಗಳೇ ಉದಾಹರಣೆ. 8 ಲಕ್ಷಕ್ಕಿಂತ ಕಡಿಮೆ ನಂಬರಿನವುಗಳಲ್ಲಿ ಉಕ್ಕು ಕಾಯಿಸುವಾಗ ಆದ ದೋಷದಿಂದ ಕೆಲವು ಸಿಡಿದವು. ಅವು ಸರಕಾರದ ಸ್ವಂತ ಕಾರ್ಖಾನೆಯಲ್ಲೇ ಆದವು. ಊರ ಕುಲುಮೆಯಲ್ಲಿ ಕಾದದ್ದರ ಬಗ್ಗೆ ಯಾರು ಹೊಣೆ?

ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಸಣ್ಣ ಸಣ್ಣ ಕಪ್ಪು ಗುಳಿಗಳು ಕಾಣಬಹುದು. ಹಳೇ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಹಾರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಅದಕ್ಕೇ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ ದಿನ ನಳಿಗೆಗೆ ಕುದಿಯುವ ನೀರು ಹೊಯ್ದು ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಶಿಕಾರಿಗೆ ಒಯ್ದವರು ಬರೀ ಎಣ್ಣೆ ಬಟ್ಟೆ ಎಳೆದಿಟ್ಟರು. ಗುಳಿ ಬಿದ್ದ ನಳಿಗೆ ನೋಟಕ್ಕೆ ಇಡಬಹುದು, ಹಾರಿಸಲು ಯೋಚಿಸಲೂ ಕೂಡದು.

ಬೆಲೆಯ ವಿಚಾರದಲ್ಲಿ ಬಿಜಾಪುರದ್ದೇ ಒಂದು ಹಳೇ ಪ್ರಸಂಗವಿದೆ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಉಪಯೋಗಕ್ಕೆ ಬಾರದ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಅದೃಷ್ಟಕ್ಕೆ ಮಾರಾಟ ರದ್ದಾಯಿತು. ಆ ತೋಪಿನ ಮೇಲೆ ಎರಕದವನ ಹೆಸರಿನ ಜೊತೆಗೆ ಬಿಜಾಪುರ ಗೆದ್ದ ಔರಂಗಜೇಬ ಆಮೇಲೆ ಕೆತ್ತಿಸಿದ ಬರಹವೂ ಇದೆ. ಮೂಲದಲ್ಲಿ ಇರಲಿಲ್ಲವೆಂದು ಅದನ್ನು ಉಜ್ಜಿ ತೆಗೆಯಬೇಕೆಂದು ಯಾರೂ ಹೇಳಲಾರರು. ಹಳೇ ಆಯುಧದ ಮೇಲೆ ಬಿದ್ದ ನಂತರದ ಗುರುತೂ ಅದರ ಚರಿತ್ರೆಯೇ ಎಂಬುದಕ್ಕೆ ನಮ್ಮ ಊರಲ್ಲೇ ಇಂಥ ಸಾಕ್ಷಿ ನಿಂತಿದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ತಿದ್ದಿದ ರೈಫಲ್ ಅಗ್ಗಕ್ಕೆ ಸಿಗುತ್ತದೆ, ಬಿಡಿ ಭಾಗ ತಂದು ಕೂಡಿಸಿದರೆ ಬೆಲೆ ಏರುತ್ತದೆ ಎಂಬ ಆಸೆ ಅಮೆರಿಕದಲ್ಲೂ ಬಹಳ ಜನರನ್ನು ಮುಳುಗಿಸಿದೆ. ಮುಂಬದಿಯ ಮರ, ಕಟ್ಟು, ಮೂತಿ, ಸ್ಕ್ರೂ ಎಲ್ಲ ಬಿಡಿಬಿಡಿಯಾಗಿ ಕೊಂಡರೆ ಪೂರ್ತಿ ಸರಿಯಿದ್ದ ರೈಫಲ್ಲಿಗಿಂತ ಹೆಚ್ಚು ಬೀಳುತ್ತದೆ. ಅಷ್ಟಾದ ಮೇಲೂ ಬಲ್ಲವನ ಕಣ್ಣಿಗೆ ಅದು ಕೂಡಿಸಿದ್ದೇ. ಅಲ್ಲಿ ಭಾಗಗಳಾದರೂ ಸಿಗುತ್ತವೆ. ನಮ್ಮಲ್ಲಿ ವಿದೇಶಿ ಬಂದೂಕುಗಳ ಸಾಮಾನ್ಯ ಆಮದು 1980ರ ದಶಕದಲ್ಲೇ ನಿಂತಿತು. ಅದರಿಂದಾಗಿ ಒಳ್ಳೆಯ ಹಳೇ ಇಂಗ್ಲಿಷ್ ಶಿಕಾರಿ ಬಂದೂಕುಗಳಿಗೆ ಲೈಸೆನ್ಸುದಾರರ ನಡುವೆ ಭಾರಿ ಬೆಲೆ ಇದೆ ಎನ್ನುವುದು ನಿಜ. ಆ ಬೆಲೆ ನಿಷೇಧವಿಲ್ಲದ ಬೋರಿನ, ಮುಟ್ಟದೆ ಉಳಿದ, ಹೆಸರಾಂತ ತಯಾರಕರ ಬಂದೂಕಿಗೆ. ಕತ್ತರಿಸಿದ ಮಿಲಿಟರಿ ರೈಫಲ್ ಅದರ ನೆರಳಲ್ಲಿ ನಿಂತು ಬೆಲೆ ಕೇಳುತ್ತದೆ, ಅಷ್ಟೆ. ಅದನ್ನು ಕತ್ತರಿಸಿದ್ದೇ ಶಿಕಾರಿಗೆ. 1972ರ ವನ್ಯಜೀವಿ ಕಾಯ್ದೆಯೊಂದಿಗೆ ಚಿಗರಿ ಬೇಟೆಯ ಕಾಲ ಮುಗಿಯಿತು. ಹಾಗೆ ಮುಗಿದದ್ದು ಒಳ್ಳೆಯದೇ ಆಯಿತು.

ಮನೆಯಲ್ಲಿ ಕಾನೂನುಬದ್ಧವಾಗಿ ಉಳಿದ ಬಂದೂಕನ್ನು ಕಾಪಾಡುವ ಬಗ್ಗೆ ಕೆಲವು ಮಾತು ಹೇಳಲೇಬೇಕು, ಯಾಕೆಂದರೆ ಪ್ರೀತಿಯಿಂದಲೇ ಹೆಚ್ಚು ಬಂದೂಕುಗಳು ಹಾಳಾಗುತ್ತವೆ. ಖಂಡೇನವಮಿಗೆ ಆಯುಧ ಪೂಜಿಸುವ ಮನೆಗಳಲ್ಲಿ ನೆನೆದ ಕುಂಕುಮ, ಅರಿಷಿಣ, ತೆಂಗಿನಕಾಯಿ ನೀರು ಉಕ್ಕಿನ ಮೇಲೆ ಬಿದ್ದು ಹಾಗೇ ಒಣಗುತ್ತವೆ. ಬನ್ನಿ ಮುಡಿದು ಬರುವಷ್ಟರಲ್ಲಿ ತುಕ್ಕಿನ ಬೀಜ ಬಿದ್ದಿರುತ್ತದೆ. ಪೂಜೆ ಮಾಡಿ, ಆದರೆ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಕುಂಕುಮವನ್ನು ಬಟ್ಟೆಗೆ ಹಚ್ಚಿ. ನಮ್ಮಲ್ಲಿ ಕೈಗೆ ಸಿಗುವ ಕುಸುಬಿ ಎಣ್ಣೆಯನ್ನು ಲೋಹಕ್ಕೆ ಹಚ್ಚಬೇಡಿ. ಅದು ಒಣಗಿ ಅಂಟಾಗಿ ಬೋಲ್ಟನ್ನು ಹಿಡಿದುಬಿಡುತ್ತದೆ. ಲೋಹಕ್ಕೆ ಯಂತ್ರದ ತೆಳು ಎಣ್ಣೆ, ಅದೂ ಬಟ್ಟೆಯಲ್ಲಿ ಸವರಿದಷ್ಟು ಮಾತ್ರ. ಮರಕ್ಕಾದರೆ ನಮ್ಮ ಹೊಲದಲ್ಲೇ ಔಷಧಿ ಇದೆ. ಬ್ರಿಟಿಷ್ ಸೈನ್ಯ ತನ್ನ ರೈಫಲ್ಲುಗಳ ಅಕ್ರೋಟು ಮರಕ್ಕೆ ಹಚ್ಚುತ್ತಿದ್ದದ್ದು ಹಸಿ ಅಗಸಿ ಎಣ್ಣೆ. ಗಾಣದ ಅಗಸಿ ಎಣ್ಣೆಯನ್ನು ಅಂಗೈಯಲ್ಲಿ ಹಾಕಿಕೊಂಡು ಮರಕ್ಕೆ ತಿಕ್ಕಿ, ಉಳಿದದ್ದನ್ನು ಒರೆಸಿ, ದಿನಗಟ್ಟಲೆ ಒಣಗಲು ಬಿಟ್ಟರೆ ಬಯಲುಸೀಮೆಯ ಬೇಸಿಗೆಗೆ ಮರ ಸೀಳುವುದು ಕಡಿಮೆಯಾಗುತ್ತದೆ. ವಾರ್ನಿಶ್ ಮಾತ್ರ ಬೇಡ.

ಪಾಲಿಶ್ ಚಕ್ರಕ್ಕೆ ಕೊಡುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ಚಕ್ರ ತಿರುಗಿದ ಅರ್ಧ ಗಂಟೆಯಲ್ಲಿ ಅಂಚುಗಳು ದುಂಡಾಗುತ್ತವೆ, ಕಿರೀಟ ಮಸುಕಾಗುತ್ತದೆ, ನಂಬರು ಮಾಯವಾಗುತ್ತದೆ. ನಂಬರು ಹೋದರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಇಶಾಪುರದ ಹಲವು ರೈಫಲ್ಲುಗಳ ಮೇಲೆ ದಪ್ಪ ಕಪ್ಪು ಬಣ್ಣ ಇರುತ್ತದೆ. ಯಾರೋ ಪೇಂಟ್ ಬಳಿದಿದ್ದಾರೆಂದು ಅದನ್ನು ಕೆರೆದು ತೆಗೆಯುವವರುಂಟು. ನಮ್ಮ ಹವೆಗೆ ತುಕ್ಕು ಹಿಡಿಯದಿರಲೆಂದು ಸೈನ್ಯವೇ ಹಾಕಿಸಿದ ಬಣ್ಣ ಅದು, ಮೂಲದ್ದೇ. ಮುಂಬದಿಯ ಮರದಲ್ಲಿ ಅಡ್ಡ ಹಾಯ್ದ ಸ್ಕ್ರೂ ಕಂಡರೂ ಹಾಗೆಯೇ. ಮರ ಸೀಳದಿರಲೆಂದು ಇಶಾಪುರದವರು ಹಾಕಿದ್ದು, ಬಡಿಗನ ತೇಪೆ ಅಲ್ಲ.

ಚುನಾವಣೆ ಬಂದಾಗ ಸಾಮಾನ್ಯವಾಗಿ ಲೈಸೆನ್ಸಿನ ಆಯುಧವನ್ನು ಠಾಣೆಯಲ್ಲಿ ಜಮಾ ಮಾಡಬೇಕಾಗುತ್ತದೆ. ಗ್ರಾಮ ಪಂಚಾಯತಿಯಿಂದ ಲೋಕಸಭೆಯವರೆಗೆ ಐದು ವರ್ಷದಲ್ಲಿ ಎಷ್ಟು ಸಲ ಎಂದು ಲೆಕ್ಕ ಹಾಕಿ. ಒಯ್ಯುವ ಮುನ್ನ ಎಣ್ಣೆ ಸವರಿ, ನಂಬರಿನ ಫೋಟೊ ತೆಗೆದು, ರಸೀದಿಯಲ್ಲಿ ಆ ನಂಬರು ಸರಿಯಾಗಿ ಬರೆದಿದ್ದಾರೆಯೇ ನೋಡಿ ತನ್ನಿ. ಹವ್ಯಾಸಕ್ಕೆ ಕೊಳ್ಳುವವರು ಈ ಓಡಾಟವನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಬೇಕು.

ಹಾಗಾದರೆ ಯಾವುದನ್ನು ಕೊಳ್ಳಬಹುದು? ನನ್ನ ಲೆಕ್ಕದಲ್ಲಿ ಒಂದೇ ಒಂದು ಸಂದರ್ಭ. ಬೋರು ನಿಷೇಧಿತವಲ್ಲ, ಮಾರುವವನ ಲೈಸೆನ್ಸ್ ಚಾಲ್ತಿಯಲ್ಲಿದೆ, ನಂಬರುಗಳು ಕೂಡುತ್ತವೆ, ನಳಿಗೆ ಪೂರ್ತಿ ಇದೆ, ಕೈ ಬಿದ್ದದ್ದು ಮರಕ್ಕೆ ಮಾತ್ರ, ಕೆಲಸ ಮಾಡುವವನು ಲೈಸೆನ್ಸ್ ಇರುವ ಶಸ್ತ್ರ ರಿಪೇರಿಯವನು. ಇವುಗಳಲ್ಲಿ ಒಂದು ತಪ್ಪಿದರೂ ಮುಂಗಡ ಕೊಡಬೇಡಿ. ಮನೆಯದೇ ಆದ, ಯಾವ ಲೈಸೆನ್ಸಿಗೂ ಹೊಂದದ, ಆದರೆ ಚರಿತ್ರೆಯುಳ್ಳ ಬಂದೂಕು ಇದ್ದರೆ ಅದನ್ನು ಕದ್ದುಮುಚ್ಚಿ ಇಡುವ ಬದಲು ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಬರಹದಲ್ಲಿ ತಿಳಿಸಿ, ವಸ್ತುಸಂಗ್ರಹಾಲಯಕ್ಕೆ ಸೇರಿಸಲು ಕೇಳಿಕೊಳ್ಳಬಹುದು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಆದಿಲಶಾಹಿ ಕಾಲದ ಆಯುಧಗಳಿವೆ. ಆಮೇಲಿನ ಶತಮಾನಗಳಲ್ಲಿ ಈ ಸೀಮೆಯ ವಾಡೆಗಳಲ್ಲಿ, ಠಾಣೆಗಳಲ್ಲಿ ಇದ್ದ ಬಂದೂಕುಗಳಿಗೂ ಅಂಥದೊಂದು ಜಾಗ ಬೇಕು. ಕೊಡುವಾಗ ಹಳೇ ಲೈಸೆನ್ಸ್ ಬುಕ್ಕನ್ನೂ, ಅಜ್ಜನಿಗೆ ಅದು ಯಾರಿಂದ ಬಂತೆಂದು ಬರೆದ ಒಂದು ಹಾಳೆಯನ್ನೂ ಜೊತೆಗೆ ಕೊಡಿ.